ಯುದ್ಧ ಸ್ಮಾರಕದಲ್ಲಿ ಹಾಡಬಹುದಾ?

ಇವತ್ತು ಒಂದು ಕಟ್ಟಡದ ಕತೆ ಹೇಳ್ತೀನಿ. ಕಟ್ಟಡ ಇರೋದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ. ಅದರ ಪೂರ್ತಿ ಹೆಸರು ವಾರ್ ಮೆಮೋರಿಯಲ್ ಅಪೆರಾ ಹೌಸ್. ವಾರ್ ಮೆಮೋರಿಯಲ್ ಅಂದ್ರೆ ಯುದ್ಧ ಸ್ಮಾರಕ. ಅಪೆರಾ ಅಂದ್ರೆ ಸಂಗೀತ ನಾಟಕ. ನಮ್ಮ ಗುಬ್ಬಿ ಕಂಪನಿ ನಾಟಕದಲ್ಲಿ ಪಾತ್ರಧಾರಿಗಳು ಮಾತಿನ ನಡುವೆ ಹಾಡ್ತಿದ್ರಲ್ಲ, ಅಪೆರಾದಲ್ಲಿ ಮಾತೂ ಹಾಡೇ. ಈಗ ಎರಡನ್ನೂ ಸೇರಿಸಿ ನೋಡಿ. ಯುದ್ಧದಲ್ಲಿ ಸತ್ತವರ ನೆನಪಿಗೆ ಕಟ್ಟಿದ ಮನೆ. ಅದರೊಳಗೆ ಸಂಜೆಯಾದರೆ ಬಣ್ಣ, ಬೆಳಕು, ವಾದ್ಯಮೇಳ, ಬ್ಯಾಲೆ ಕುಣಿತ, ಚಪ್ಪಾಳೆ, ಇಂಟರ್ವಲ್‌ನಲ್ಲಿ ವೈನು. ಇದು ಸರೀನಾ?

ನಮ್ಮ ಸ್ಟುಡಿಯೋಗೆ ಇಂಥ ವಿಷಯ ಸಿಕ್ಕಿಬಿಟ್ರೆ ಏನಾಗತ್ತೆ ಅಂತ ನಿಮಗೆ ಗೊತ್ತು. ಆರು ಕಿಟಕಿ, ಆರು ಮುಖ, ಕೆಳಗೆ ಕೆಂಪು ಪಟ್ಟಿ, ಹುತಾತ್ಮರಿಗೆ ಅವಮಾನ ಅಂತ ದೊಡ್ಡ ಅಕ್ಷರ. ಒಂದು ಗಂಟೆ ಕೂಗಾಟ, ಆಮೇಲೆ ಜಾಹೀರಾತು. ಇದೇ ಜಗಳ ಆ ಊರಲ್ಲಿ ಒಂದು ಗಂಟೆಯಲ್ಲ, ಹತ್ತು ವರ್ಷಕ್ಕೂ ಹೆಚ್ಚು ಕಾಲ ನಡೀತು. ಹಾಗೆ ನಡೆದದ್ದು ಒಳ್ಳೇದೇ ಆಯ್ತು ಅನ್ನೋದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳ್ತೀನಿ.

ಕತೆ ಶುರುವಾಗೋದು 1906ರ ಏಪ್ರಿಲ್‌ನಲ್ಲಿ. 17ನೇ ತಾರೀಖು ರಾತ್ರಿ ಆ ಕಾಲದ ಜಗತ್ಪ್ರಸಿದ್ಧ ಇಟಾಲಿಯನ್ ಗಾಯಕ ಎನ್ರಿಕೋ ಕರೂಸೋ ಸ್ಯಾನ್ ಫ್ರಾನ್ಸಿಸ್ಕೋದ ಗ್ರ್ಯಾಂಡ್ ಅಪೆರಾ ಹೌಸ್‌ನಲ್ಲಿ ಹಾಡಿದ. ಮರುದಿನ ಬೆಳಗಿನ ಜಾವ ಭೂಕಂಪ. ಅದರ ಹಿಂದೆಯೇ ಬೆಂಕಿ. ಊರಿನ ಬಹುಭಾಗ ಸುಟ್ಟುಹೋಯಿತು, ಅಪೆರಾ ಹೌಸೂ ಹೋಯಿತು. ಕರೂಸೋ ಊರು ಬಿಟ್ಟು ಓಡಿದವನು ಮತ್ತೆ ಯಾವತ್ತೂ ಅಲ್ಲಿಗೆ ಬಂದು ಹಾಡಲಿಲ್ಲ.

ಊರು ಮತ್ತೆ ಎದ್ದು ನಿಂತಿತು. 1915ರ ಹೊತ್ತಿಗೆ ಹೊಸ ಸಿಟಿ ಹಾಲ್ ಬಂತು, ದೊಡ್ಡ ಸಭಾಂಗಣವೂ ಬಂತು. ಆದರೆ ಸಂಗೀತದ ಹುಚ್ಚಿದ್ದ ಶ್ರೀಮಂತರಿಗೆ ಒಂದು ಕೊರಗು ಉಳಿದಿತ್ತು: ನಮ್ಮೂರಿಗೆ ಸರಿಯಾದ ಸಂಗೀತ ಮಂದಿರ ಇಲ್ಲ. ಮೊದಲನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಅವರು ಅದಕ್ಕೆ ಜಾಗ ಹುಡುಕಿ, ನಕ್ಷೆಯ ಮಾತೂ ಶುರುಮಾಡಿದ್ದರು. ದುಡ್ಡು ಮಾತ್ರ ಸಾಕಾಗ್ತಿರಲಿಲ್ಲ.

ಅದೇ ಹೊತ್ತಿಗೆ ಯುರೋಪಿನಿಂದ ಸೈನಿಕರು ವಾಪಸ್ ಬಂದರು. ಅಮೆರಿಕ ಆ ಯುದ್ಧಕ್ಕೆ ಇಳಿದದ್ದು ತಡವಾಗಿ, 1917ರಲ್ಲಿ. ಅಷ್ಟರಲ್ಲೇ ಸುಮಾರು 1 ಲಕ್ಷ 16 ಸಾವಿರ ಜನರನ್ನು ಕಳೆದುಕೊಂಡಿತ್ತು. ಬದುಕಿ ಬಂದವರು 1919ರಲ್ಲಿ ಅಮೆರಿಕನ್ ಲೀಜನ್ ಅನ್ನೋ ಮಾಜಿ ಸೈನಿಕರ ಸಂಘ ಕಟ್ಟಿಕೊಂಡರು. ಅವರಿಗೆ ಬೇಕಾದದ್ದು ಏನು? ಸೇರೋಕೆ ಒಂದು ಜಾಗ, ಸತ್ತ ಗೆಳೆಯರ ನೆನಪಿಗೊಂದು ಗುರುತು.

ಈಗ ಶ್ರೀಮಂತರ ತಲೆ ಓಡಿತು. ಎರಡನ್ನೂ ಕೂಡಿಸಿದರೆ? ಸಂಗೀತ ಮಂದಿರವನ್ನೇ ಯುದ್ಧ ಸ್ಮಾರಕ ಅಂತ ಕರೆದರೆ? 1920ರಲ್ಲಿ ಆ ಹೆಸರಲ್ಲಿ ಚಂದಾ ಎತ್ತಿದರು. 20 ಲಕ್ಷ ಡಾಲರ್ ಆಸುಪಾಸು ವಾಗ್ದಾನ ಬಂತು. ಇದರಲ್ಲಿ ಸ್ವಲ್ಪ ಚಾಲಾಕಿತನ ಕಾಣಿಸೋದಿಲ್ವಾ ನಿಮಗೆ? ನನಗಂತೂ ಕಾಣಿಸತ್ತೆ. ಬರೀ ಅಪೆರಾಗೆ ದುಡ್ಡು ಕೊಡಿ ಅಂದ್ರೆ ಸಾಮಾನ್ಯ ಜನ ಯಾಕೆ ಕೊಡ್ತಾರೆ? ಹುತಾತ್ಮರ ಹೆಸರು ಹೇಳಿದರೆ ಇಲ್ಲ ಅನ್ನೋಕೆ ಯಾರಿಗೂ ಬಾಯಿ ಬರಲ್ಲ. ನಮ್ಮೂರಲ್ಲೂ ಕಲ್ಯಾಣ ಮಂಟಪಕ್ಕೆ ದೊಡ್ಡವರೊಬ್ಬರ ಹೆಸರಿಟ್ಟು ಸೈಟು ಮಂಜೂರು ಮಾಡಿಸಿಕೊಳ್ಳೋದನ್ನ ನೋಡಿದ ಜನ ನಾವು.

ಆದರೆ ಅಲ್ಲಿನ ಮಾಜಿ ಸೈನಿಕರು ದಡ್ಡರಲ್ಲ. ಹೆಸರು ನಮ್ಮದು, ಮನೆ ನಿಮ್ಮದು ಅನ್ನೋ ಲೆಕ್ಕ ಅವರಿಗೆ ಒಪ್ಪಿಗೆಯಾಗಲಿಲ್ಲ. ಹಾಗಾಗಿ 1921ರಲ್ಲಿ ಒಂದು ಟ್ರಸ್ಟ್ ಒಪ್ಪಂದ ಬರೆದರು. ಕೂಡಿದ ಹಣವನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರೀಜೆಂಟರ ಕೈಗೆ, ಅಂದ್ರೆ ಅದರ ಆಡಳಿತ ಮಂಡಳಿಯ ಕೈಗೆ ಕೊಟ್ಟರು. ಸಂಗೀತಕ್ಕೆ ಏನು, ಮಾಜಿ ಸೈನಿಕರಿಗೆ ಏನು ಅನ್ನೋದು ಕಾಗದದ ಮೇಲೆ ಬಂತು. ಈ ಕಾಗದ ನೆನಪಿಟ್ಟುಕೊಳ್ಳಿ.

ಕಾಗದ ಆದ ಮಾತ್ರಕ್ಕೆ ಕಟ್ಟಡ ಏಳಲಿಲ್ಲ. ಜಾಗ ಬದಲಾಯಿತು, ಸಿಟಿ ಹಾಲ್ ಎದುರಿನ ಎರಡು ಬ್ಲಾಕ್ ತಗೊಂಡರು. ನಕ್ಷೆ ಬದಲಾಯಿತು, ಖರ್ಚು ಏರಿತು. ನಮಗೆ ಕೊಟ್ಟ ಜಾಗ ಸಾಲದು ಅಂತ ಸೈನಿಕರು, ಇಷ್ಟು ದುಡ್ಡು ನಾವು ಕೊಟ್ಟಿದ್ದೀವಿ ಅಂತ ಸಂಗೀತದವರು. ಕೊನೆಗೆ 1927ರಲ್ಲಿ ವಿಷಯ ಮತದಾರರ ಮುಂದೆ ಹೋಯಿತು. 40 ಲಕ್ಷ ಡಾಲರ್ ಬಾಂಡ್ ಎತ್ತೋಕೆ, ಅಂದ್ರೆ ನಗರ ಸಾಲ ಮಾಡೋಕೆ ಒಪ್ಪಿಗೆ ಇದೆಯಾ ಅಂತ ಕೇಳಿದರು. ಕ್ಯಾಲಿಫೋರ್ನಿಯಾದಲ್ಲಿ ನಗರಗಳು ಇಂಥ ಸಾಲ ಮಾಡಬೇಕಾದರೆ ಬರೀ ಬಹುಮತ ಸಾಲದು, ಮೂರರಲ್ಲಿ ಎರಡು ಪಾಲು ಮತ ಬೇಕು. ಇಲ್ಲೇ ಇರೋದು ಆಟ. ಮಾಜಿ ಸೈನಿಕರನ್ನು ಬಿಟ್ಟು ಅಪೆರಾದವರು ಮೂರರಲ್ಲಿ ಎರಡು ಪಾಲು ಗೆಲ್ಲೋದು ಕನಸಿನ ಮಾತು. ಅಪೆರಾದವರ ಚಂದಾ ಬಿಟ್ಟು ಸೈನಿಕರಿಗೆ ಅಷ್ಟು ದೊಡ್ಡ ಮನೆ ಸಿಗೋದೂ ಕನಸೇ. ಒಬ್ಬರ ಜುಟ್ಟು ಇನ್ನೊಬ್ಬರ ಕೈಯಲ್ಲಿ. ಬಾಂಡ್ ಪಾಸಾಯಿತು.

ಮುಂದೆ ಮತ್ತೆ ಕೆಲವು ವರ್ಷ ಹಂಚಿಕೆಯ ಜಗಳ. ಮೇಯರ್ ಜೇಮ್ಸ್ ರಾಲ್ಫ್ ನಡುವೆ ಸಿಕ್ಕಿಹಾಕಿಕೊಂಡಿದ್ದರು. ಜಗಳದ ಫಲ ಏನು ಗೊತ್ತಾ? ಒಂದಲ್ಲ, ಎರಡು ಕಟ್ಟಡ. ಒಂದು ಅಪೆರಾ ಹೌಸ್. ಪಕ್ಕದಲ್ಲೇ ಅದರ ಅವಳಿಯಂತೆ ವೆಟರನ್ಸ್ ಬಿಲ್ಡಿಂಗ್, ಅಂದ್ರೆ ಮಾಜಿ ಸೈನಿಕರ ಕಟ್ಟಡ. ನಡುವೆ ಹುಲ್ಲುಹಾಸಿನ ಸ್ಮಾರಕ ಅಂಗಳ. ರಸ್ತೆಯಲ್ಲಿ ನಿಂತು ನೋಡಿದರೆ ಎರಡಕ್ಕೂ ಒಂದೇ ಎತ್ತರ, ಒಂದೇ ಥರದ ಕಂಬಗಳು, ಒಂದೇ ಮುಖ. ಇದು ಸೈನಿಕರ ಪಾಲಿನ ದೊಡ್ಡ ಗೆಲುವು. ಅಪೆರಾ ಹೌಸಿನ ಹಿಂಬಾಗಿಲಲ್ಲಿ ಎರಡು ರೂಮು ತಗೊಂಡು ಸುಮ್ಮನಾಗದೆ, ಅಪೆರಾದಷ್ಟೇ ಗತ್ತಿನ ಮನೆ ತಗೊಂಡರು. ವಾಸ್ತುಶಿಲ್ಪಿ ಆರ್ಥರ್ ಬ್ರೌನ್ ಜೂನಿಯರ್, ಎದುರಿನ ಸಿಟಿ ಹಾಲ್ ಕಟ್ಟಿದವರೂ ಅವರೇ. ಅಪೆರಾ ಹೌಸ್ ಕೆಲಸದಲ್ಲಿ ಜಿ. ಆಲ್ಬರ್ಟ್ ಲ್ಯಾನ್ಸ್‌ಬರ್ಗ್ ಜೊತೆಯಾದರು. ಇಡೀ ಆಸ್ತಿಯನ್ನು ನೋಡಿಕೊಳ್ಳೋಕೆ 11 ಜನರ ಟ್ರಸ್ಟಿ ಮಂಡಳಿ. ಅವರನ್ನು ನೇಮಿಸೋದು ಮೇಯರ್. ನೇಮಿಸುವಾಗ ಮಾಜಿ ಸೈನಿಕರನ್ನು ಗಮನದಲ್ಲಿಟ್ಟುಕೊಳ್ಳಬೇಕು ಅಂತ ನಗರದ ಚಾರ್ಟರ್‌ನಲ್ಲೇ ಇದೆ. ಚಾರ್ಟರ್ ಅಂದ್ರೆ ಆ ಊರಿನ ಸಂವಿಧಾನ ಅಂದುಕೊಳ್ಳಿ.

1932ರ ಅಕ್ಟೋಬರ್ 15. ಮಹಾ ಆರ್ಥಿಕ ಕುಸಿತದ ನಟ್ಟನಡುವಿನ ವರ್ಷ. ಬೀದಿಯಲ್ಲಿ ಕೆಲಸವಿಲ್ಲದ ಜನ, ಒಳಗೆ 3 ಸಾವಿರಕ್ಕೂ ಹೆಚ್ಚು ಆಸನಗಳ ಹೊಸ ರಂಗಮಂದಿರ. ಅಮೆರಿಕದಲ್ಲಿ ಒಂದು ನಗರವೇ ಮಾಲೀಕನಾಗಿರುವ ಮೊದಲ ಅಪೆರಾ ಹೌಸ್ ಅಂತ ಅದಕ್ಕೆ ಹೆಸರು. ಮೊದಲ ರಾತ್ರಿ ಆಡಿದ್ದು ಪುಚ್ಚೀನಿಯ 'ಟೋಸ್ಕಾ'. ಮುಖ್ಯ ಪಾತ್ರದಲ್ಲಿ ಕ್ಲಾಡಿಯಾ ಮೂಜಿಯೋ, ವಾದ್ಯಮೇಳ ನಡೆಸಿದ್ದು ಸ್ಯಾನ್ ಫ್ರಾನ್ಸಿಸ್ಕೋ ಅಪೆರಾ ಕಂಪನಿ ಕಟ್ಟಿದ ಗಯೆಟಾನೋ ಮೆರೋಲಾ.

ಟೋಸ್ಕಾದ ಕತೆ ಗೊತ್ತಿಲ್ಲದವರಿಗೆ ಒಂದು ಮಾತು. ಟಿವಿ ಸುದ್ದಿಯವನಾಗಿ ಇದನ್ನ ಹೇಳದೇ ಇರೋಕೆ ಆಗಲ್ಲ. ಕತೆ ನಡೆಯೋದು 1800ರ ಜೂನ್‌ನಲ್ಲಿ, ರೋಮ್‌ನಲ್ಲಿ. ಮರೆಂಗೋ ಯುದ್ಧದಲ್ಲಿ ನೆಪೋಲಿಯನ್ ಸೋತ ಅಂತ ಸುದ್ದಿ ಬರತ್ತೆ. ಚರ್ಚಿನಲ್ಲಿ ವಿಜಯೋತ್ಸವದ ಪ್ರಾರ್ಥನೆ ನಡೆದೇ ಬಿಡತ್ತೆ. ಎರಡನೇ ಅಂಕದಲ್ಲಿ ಇನ್ನೊಂದು ಸುದ್ದಿ: ಸೋತಿದ್ದು ಅವನಲ್ಲ, ಗೆದ್ದಿದ್ದೇ ಅವನು! ಬ್ರೇಕಿಂಗ್ ನ್ಯೂಸ್ ತಪ್ಪಾದರೆ ಏನಾಗತ್ತೆ ಅಂತ ನಮಗಿಂತ ಮೊದಲೇ ಅಪೆರಾದವರು ತೋರಿಸಿದ್ದಾರೆ. ಕೊನೆಯ ಅಂಕದಲ್ಲಿ ಸೈನಿಕರು ಕೋವಿ ಎತ್ತಿ ಕಲಾವಿದನೊಬ್ಬನನ್ನು ಕೊಲ್ತಾರೆ. ಸುಳ್ಳು ಗುಂಡು ಅಂತ ನಾಯಕಿ ನಂಬಿರ್ತಾಳೆ, ಗುಂಡು ನಿಜವಾದದ್ದು. ಯುದ್ಧ ಸ್ಮಾರಕದ ಮೊದಲ ಸಂಜೆಗೆ ಯುದ್ಧವನ್ನು ಹೊಗಳುವ ಆಟ ಆರಿಸಲಿಲ್ಲ. ಯಾರಾದರೂ ಬೇಕಂತಲೇ ಹಾಗೆ ಆರಿಸಿದರು ಅಂತ ನಾನು ಹೇಳ್ತಿಲ್ಲ, ಟೋಸ್ಕಾ ಟಿಕೆಟ್ ಓಡುವ ಅಪೆರಾ, ಅಷ್ಟೇ. ಆದರೂ ಆ ಮನೆಗೆ ಅದು ಹೊಂದಿಕೊಂಡಿತು.

ವೆಟರನ್ಸ್ ಬಿಲ್ಡಿಂಗ್ ಏನಾಯ್ತು? ಅದರಲ್ಲಿ ಲೀಜನ್ನಿನ ಸಭೆಗಳು ನಡೆದವು. ಜೊತೆಗೆ ಸುಮಾರು 900 ಆಸನದ ಒಂದು ಸಭಾಂಗಣ ಇತ್ತು. 1915ರ ಅಂತಾರಾಷ್ಟ್ರೀಯ ವಸ್ತುಪ್ರದರ್ಶನಕ್ಕಾಗಿ ಫ್ರ್ಯಾಂಕ್ ಬ್ರ್ಯಾಂಗ್ವಿನ್ ಬರೆದಿದ್ದ ಎಂಟು ದೊಡ್ಡ ಚಿತ್ರಗಳನ್ನು ಅದರ ಗೋಡೆಗೆ ಹಾಕಿದರು. ನೆಲ, ನೀರು, ಗಾಳಿ, ಬೆಂಕಿಯ ಚಿತ್ರಗಳು. ನಾಲ್ಕನೇ ಮಹಡಿಗೆ 1935ರಲ್ಲಿ ಕಲಾ ಮ್ಯೂಸಿಯಂ ಬಂತು. ಇವತ್ತು ಜಗತ್ತಿಗೇ ಗೊತ್ತಿರುವ ಸ್ಯಾನ್ ಫ್ರಾನ್ಸಿಸ್ಕೋ ಆಧುನಿಕ ಕಲಾ ಮ್ಯೂಸಿಯಂ ಹುಟ್ಟಿದ್ದು ಆ ಮಹಡಿಯಲ್ಲಿ. ಅಂದ್ರೆ ಸೈನಿಕರು ಜಗಳ ಮಾಡಿ ಪಡೆದ ಕಟ್ಟಡದೊಳಗೂ ಕಲೆ ನುಗ್ಗಿತು.

ಇನ್ನೊಂದು ಯುದ್ಧ ಬಂತು. ಪೆಸಿಫಿಕ್ ಸಾಗರದ ಕಡೆ ಹೊರಟ ಲಕ್ಷಾಂತರ ಸೈನಿಕರು ಹಡಗು ಹತ್ತಿದ್ದು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲೇ. ಆ ಊರಿನ ಪಾಲಿಗೆ ಯುದ್ಧ ದೂರದ ಸುದ್ದಿಯಾಗಿರಲಿಲ್ಲ. ಹಾಗಂತ ಯುದ್ಧ ಸ್ಮಾರಕ ಬಾಗಿಲು ಹಾಕಿತಾ? ಇಲ್ಲ. 1944ರ ಡಿಸೆಂಬರ್ 24, ಕ್ರಿಸ್‌ಮಸ್ ಹಿಂದಿನ ದಿನ. ಚೈಕೋವ್‌ಸ್ಕಿಯ 'ನಟ್‌ಕ್ರ್ಯಾಕರ್' ಬ್ಯಾಲೆಯನ್ನು ವಿಲಮ್ ಕ್ರಿಸ್ಟೆನ್ಸನ್ ಇಡಿಯಾಗಿ ಆಡಿಸಿದರು. ಒಂದು ಅಮೆರಿಕನ್ ತಂಡ ಅದನ್ನು ಪೂರ್ತಿಯಾಗಿ ರಂಗಕ್ಕೆ ತಂದದ್ದು ಅದೇ ಮೊದಲು. ಇವತ್ತು ಅಮೆರಿಕದಲ್ಲಿ ಡಿಸೆಂಬರ್ ಅಂದ್ರೆ ಊರೂರಲ್ಲಿ ನಟ್‌ಕ್ರ್ಯಾಕರ್. ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಯಕ್ಷಗಾನ, ಬಯಲಾಟ ಇದ್ದ ಹಾಗೆ, ವರ್ಷಕ್ಕೊಂದ್ಸಲ ಮಕ್ಕಳನ್ನು ಕರ್ಕೊಂಡು ಹೋಗಲೇಬೇಕಾದ ಆಟ. ಆ ಪದ್ಧತಿ ಹುಟ್ಟಿದ್ದು ಯುದ್ಧ ನಡೀತಿರುವಾಗ, ಒಂದು ಯುದ್ಧ ಸ್ಮಾರಕದಲ್ಲಿ. ಅಪ್ಪಂದಿರು ಸಮುದ್ರದ ಆಚೆ ಇದ್ದ ಮಕ್ಕಳೂ ಆ ಊರಲ್ಲಿ ಇದ್ದರು. ಅವರಿಗೊಂದು ಸಂಜೆ ಸಂತೋಷ ಸಿಕ್ಕಿದ್ದರೆ ಯಾವ ಹುತಾತ್ಮನಿಗೆ ಅವಮಾನ? ನೀವೇ ಹೇಳಿ.

ಈಗ ಕತೆ ನಮ್ಮ ಹತ್ತಿರಕ್ಕೆ ಬರತ್ತೆ. ನಾಲ್ಕೇ ತಿಂಗಳ ನಂತರ, 1945ರ ಏಪ್ರಿಲ್ 25ಕ್ಕೆ, ಅದೇ ರಂಗದ ಮೇಲೆ ಬೇರೆಯದೇ ಪ್ರದರ್ಶನ. ಐವತ್ತು ದೇಶಗಳು ಸೇರಿ ವಿಶ್ವಸಂಸ್ಥೆ ಹುಟ್ಟುಹಾಕುವ ಸಮ್ಮೇಳನ. ಅದನ್ನು ಕರೆದಿದ್ದ ಅಧ್ಯಕ್ಷ ರೂಸ್ವೆಲ್ಟ್ 13 ದಿನ ಮೊದಲು ತೀರಿಕೊಂಡಿದ್ದರು. ಹೊಸ ಅಧ್ಯಕ್ಷ ಟ್ರೂಮನ್ ವಾಷಿಂಗ್ಟನ್‌ನಿಂದಲೇ ರೇಡಿಯೋದಲ್ಲಿ ಮಾತಾಡಿ ಸಭೆ ಶುರುಮಾಡಿದರು. 850 ಪ್ರತಿನಿಧಿಗಳು, ಸಲಹೆಗಾರರು ಸಿಬ್ಬಂದಿ ಎಲ್ಲ ಸೇರಿ 3,500 ಜನ. ಇದರ ಮೇಲೆ ಪತ್ರಿಕೆ, ರೇಡಿಯೋ, ನ್ಯೂಸ್‌ರೀಲ್‌ನವರು ಮತ್ತು ವೀಕ್ಷಕರು 2,500ಕ್ಕೂ ಹೆಚ್ಚು. ಇಷ್ಟು ಜನರನ್ನು ಕೂರಿಸೋಕೆ, ಭಾಷಣ ಕೊನೆಯ ಸಾಲಿಗೂ ಕೇಳಿಸೋಕೆ ಎಂಥ ಜಾಗ ಬೇಕು? ರಂಗಮಂದಿರವೇ ಬೇಕು. ಸ್ಮಾರಕ ಅಂತ ಬರೀ ಒಂದು ಕಲ್ಲಿನ ಕಂಬ ನಿಲ್ಲಿಸಿದ್ದರೆ ಅದರ ಸುತ್ತ ಕೂತು ವಿಶ್ವಸಂಸ್ಥೆ ಕಟ್ಟೋಕಾಗ್ತಿತ್ತಾ?

ಎರಡು ತಿಂಗಳ ಚರ್ಚೆಯ ನಂತರ, ಜೂನ್ 25ರ ರಾತ್ರಿ, ಅಪೆರಾ ಹೌಸ್‌ನಲ್ಲಿ ಕೊನೆಯ ಮತದಾನ. ಅಧ್ಯಕ್ಷತೆ ವಹಿಸಿದ್ದವರು ಲಾರ್ಡ್ ಹ್ಯಾಲಿಫ್ಯಾಕ್ಸ್. ಈ ಹೆಸರು ಎಲ್ಲೋ ಕೇಳಿದ ಹಾಗಿದೆಯಾ? ನಮಗೆ ಅವರು ಲಾರ್ಡ್ ಇರ್ವಿನ್ ಅಂತ ಗೊತ್ತು. ಗಾಂಧಿ-ಇರ್ವಿನ್ ಒಪ್ಪಂದದ ಇರ್ವಿನ್, ಉಪ್ಪಿನ ಸತ್ಯಾಗ್ರಹದ ಕಾಲದ ವೈಸ್‌ರಾಯ್. ಕೈ ಎತ್ತೋದು ಬೇಡ, ಒಪ್ಪುವವರು ಎದ್ದು ನಿಲ್ಲಿ ಅಂದರು. ಎಲ್ಲ ದೇಶಗಳೂ ಎದ್ದು ನಿಂತವು.

ಮರುದಿನ, ಜೂನ್ 26, ಸಹಿ ಹಾಕುವ ಕೆಲಸ. ಅದು ನಡೆದದ್ದು ಪಕ್ಕದ ಮಾಜಿ ಸೈನಿಕರ ಕಟ್ಟಡದ ಸಭಾಂಗಣದಲ್ಲಿ. ಎರಡೂ ಕಡೆಯವರ ಕಟ್ಟಡಕ್ಕೂ ಪಾಲು ಸಿಕ್ಕಿತು ನೋಡಿ! ಮೊದಲ ಸಹಿ ಚೀನಾದ್ದು. ದಾಳಿಗೆ ಎಲ್ಲರಿಗಿಂತ ಮೊದಲು ಗುರಿಯಾದ ದೇಶ ಅನ್ನೋ ಗೌರವಕ್ಕೆ. ಒಂದೊಂದೇ ದೇಶ ಬಂದು ಸಹಿ ಹಾಕಿತು, ಇಡೀ ದಿನ ಹಿಡೀತು. ಭಾರತದ ಪರವಾಗಿ ಆ ದುಂಡು ಮೇಜಿನ ಮುಂದೆ ಪೆನ್ನು ಹಿಡಿದು ಕೂತವರು ಯಾರು? ಸರ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್.

ಹೌದು, ಅದೇ ಮೊದಲಿಯಾರ್. ನಮ್ಮ ಮೈಸೂರಿನ ಕೊನೆಯ ದಿವಾನರು.

ಭಾರತಕ್ಕೆ ಆಗ ಸ್ವಾತಂತ್ರ್ಯ ಬಂದಿರಲಿಲ್ಲ. ಪ್ರತಿನಿಧಿಗಳನ್ನು ಕಳಿಸಿದ್ದು ಬ್ರಿಟಿಷ್ ಸರ್ಕಾರ. ದೇಶೀ ಸಂಸ್ಥಾನಗಳ ಪರವಾಗಿ ವಿ.ಟಿ. ಕೃಷ್ಣಮಾಚಾರಿ ಸಹಿ ಹಾಕಿದರು. ಅದೇ ಊರಿನಲ್ಲಿ, ಸಭೆಯ ಹೊರಗೆ, ವಿಜಯಲಕ್ಷ್ಮಿ ಪಂಡಿತ್ ಅವರು ಪತ್ರಕರ್ತರ ಮುಂದೆ, ಸಾರ್ವಜನಿಕ ಸಭೆಗಳಲ್ಲಿ ಬೇರೆ ಮಾತು ಹೇಳ್ತಿದ್ದರು: ಒಳಗೆ ಕೂತವರು ಭಾರತದ ಜನರ ಪ್ರತಿನಿಧಿಗಳಲ್ಲ. ಮಾತು ಸುಳ್ಳಲ್ಲ. ಆದರೆ ಮೊದಲಿಯಾರ್ ಬರೀ ಸಹಿಗೆ ಬಂದವರೂ ಅಲ್ಲ. ಆರ್ಥಿಕ, ಸಾಮಾಜಿಕ ಸಹಕಾರದ ವಿಷಯ ನೋಡಿಕೊಂಡ ಸಮಿತಿಗೆ ಅವರೇ ಅಧ್ಯಕ್ಷರಾಗಿದ್ದರು. ಮರುವರ್ಷ ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಗೆ ಮೊಟ್ಟಮೊದಲ ಅಧ್ಯಕ್ಷರೂ ಆದರು. ಆ 1946ರಲ್ಲೇ ಮೈಸೂರಿನ ದಿವಾನಗಿರಿಯೂ ಬಂತು.

ಆಮೇಲಿನದು ನಿಮ್ಮ ಮನೆಯ ಹಿರಿಯರಿಗೆ ಗೊತ್ತಿರತ್ತೆ. 1947ರ ಆಗಸ್ಟ್ 15ಕ್ಕೆ ದೇಶಕ್ಕೆ ಸ್ವಾತಂತ್ರ್ಯ ಬಂದರೂ ಮೈಸೂರು ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರ ಬರಲಿಲ್ಲ. ಸೆಪ್ಟೆಂಬರ್‌ನಲ್ಲಿ ಮೈಸೂರು ಚಲೋ ಚಳವಳಿ. ಬೀದಿಬೀದಿಯಲ್ಲಿ ಹುಡುಗರು ಕೂಗಿದ್ದು ಆರ್ಕಾಟ್ ಬಾಯ್ಕಾಟ್! ಅಕ್ಟೋಬರ್ 25ಕ್ಕೆ ಕೆ.ಸಿ. ರೆಡ್ಡಿಯವರು ಮುಖ್ಯಮಂತ್ರಿಯಾದರು. ಜನರ ಹೆಸರಿನಲ್ಲಿ ಶುರುವಾಗುವ ಒಂದು ಸನ್ನದಿಗೆ ಸಾಗರದಾಚೆಯ ಯುದ್ಧ ಸ್ಮಾರಕದಲ್ಲಿ ಸಹಿ ಹಾಕಿದವರು, ಎರಡು ವರ್ಷದ ನಂತರ ಜನರ ಸರ್ಕಾರ ಕೊಡಿ ಅನ್ನೋ ಕೂಗಿನ ಎದುರು ಕೂತಿದ್ದರು. ಚರಿತ್ರೆ ಒಬ್ಬ ಮನುಷ್ಯನನ್ನು ಎಷ್ಟು ವಿಚಿತ್ರವಾದ ಎರಡು ಕುರ್ಚಿಗಳಲ್ಲಿ ಕೂರಿಸತ್ತೆ ನೋಡಿ. ನಮ್ಮ ಶಾಲೆಯ ಪಾಠದಲ್ಲಿ ಎರಡನೇ ಕುರ್ಚಿಯ ಕತೆ ಮಾತ್ರ ಇತ್ತು. ಎರಡೂ ಇರಬೇಕಿತ್ತು.

ಇನ್ನೊಂದು ಘಟನೆ. ಟಿವಿ ನೋಡುವ ನಿಮಗೂ, ಟಿವಿಯಲ್ಲಿ ಕೂರುವ ನನಗೂ ಬೇಕಾದದ್ದು. 1951ರ ಸೆಪ್ಟೆಂಬರ್ 4. ಜಪಾನ್ ಜೊತೆಗಿನ ಶಾಂತಿ ಒಪ್ಪಂದದ ಸಮ್ಮೇಳನ ಇದೇ ಅಪೆರಾ ಹೌಸ್‌ನಲ್ಲಿ ಶುರುವಾಯಿತು. ಉದ್ಘಾಟನೆಯಲ್ಲಿ ಟ್ರೂಮನ್ ಮಾಡಿದ ಭಾಷಣವೇ ಅಮೆರಿಕದ ಒಂದು ಕರಾವಳಿಯಿಂದ ಇನ್ನೊಂದು ಕರಾವಳಿಗೆ ನೇರವಾಗಿ ಹೋದ ಮೊದಲ ಟಿವಿ ಪ್ರಸಾರ. ಲೈವ್ ಅನ್ನೋ ಪದವನ್ನು ನಾವು ದಿನಕ್ಕೆ ನೂರು ಸಲ ಬಳಸ್ತೀವಲ್ಲ, ಅದರ ಅಜ್ಜನ ಮನೆ ಈ ಯುದ್ಧ ಸ್ಮಾರಕ. ಸೆಪ್ಟೆಂಬರ್ 8ಕ್ಕೆ ಜಪಾನ್ ಮತ್ತು 48 ದೇಶಗಳು ಸಹಿ ಹಾಕಿದವು. ಸೋವಿಯತ್ ಒಕ್ಕೂಟ ಬಂದಿತ್ತು, ಸಹಿ ಹಾಕಲಿಲ್ಲ. ಭಾರತ ಹೋಗಲೇ ಇಲ್ಲ. ಜಪಾನಿನ ನೆಲದಲ್ಲಿ ವಿದೇಶಿ ಸೈನ್ಯ ಉಳಿಯೋದು, ಒಕಿನಾವಾದಂಥ ದ್ವೀಪಗಳನ್ನು ಅಮೆರಿಕ ಹಿಡಿದಿಟ್ಟುಕೊಳ್ಳೋದು ನೆಹರೂ ಸರ್ಕಾರಕ್ಕೆ ಒಪ್ಪಿಗೆಯಿರಲಿಲ್ಲ. 1952ರ ಜೂನ್ 9ರಂದು ಜಪಾನ್ ಜೊತೆ ಭಾರತ ಬೇರೆಯದೇ ಒಪ್ಪಂದ ಮಾಡಿಕೊಂಡು, ಯುದ್ಧ ಪರಿಹಾರದ ಹಣವನ್ನೂ ಬಿಟ್ಟುಕೊಟ್ಟಿತು. ಜಪಾನಿಯರು ಇದನ್ನು ಇಂದಿಗೂ ನೆನೆಸಿಕೊಳ್ತಾರೆ.

ಸಮ್ಮೇಳನ ಮುಗಿದ ಮೇಲೆ ಕುರ್ಚಿ ಮೇಜು ತೆಗೆದರು, ಪರದೆ ಹಾಕಿದರು, ಮತ್ತೆ ಅಪೆರಾ. ಸತ್ತವರ ಮನೆಯಲ್ಲಿ ಒಂದು ಯುದ್ಧದ ಶಾಂತಿಗೆ ಸಹಿ, ಆಮೇಲೆ ಹಾಡು. ಅಸಹಜ ಅನ್ನಿಸುತ್ತಾ? ನನಗೆ ಅನ್ನಿಸಲ್ಲ.

ಇದು ಒಂದು ಊರಿನ ವಿಚಿತ್ರ ಅಂದುಕೊಳ್ಳಬೇಡಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನ ಸಣ್ಣ ಊರುಗಳಿಗೆ ಹೋದರೆ ಮೆಮೋರಿಯಲ್ ಹಾಲ್ ಅಂತ ಒಂದು ಕಟ್ಟಡ ಸಿಗತ್ತೆ. ಬಾಗಿಲ ಹತ್ತಿರ ಮರದ ಹಲಗೆ, ಅದರ ಮೇಲೆ ಯುದ್ಧಕ್ಕೆ ಹೋದ ಊರಿನ ಹುಡುಗರ ಹೆಸರು. ಒಳಗೆ ಶನಿವಾರದ ನೃತ್ಯ, ಶಾಲೆಯ ನಾಟಕ, ಮದುವೆ ಊಟ, ಚುನಾವಣೆ ಬಂದರೆ ಮತಗಟ್ಟೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ನ್ಯೂಜಿಲೆಂಡ್ ಸರ್ಕಾರ ಒಂದು ನೀತಿಯನ್ನೇ ತಂದಿತು. ಸ್ಮಾರಕಕ್ಕೆ ನೀವು ಒಂದು ಪೌಂಡ್ ಕೂಡಿಸಿದರೆ ನಾವೂ ಒಂದು ಪೌಂಡ್ ಕೊಡ್ತೀವಿ, ಆದರೆ ಅದು ಜನ ಬಳಸುವ ಸಮುದಾಯ ಭವನವಾಗಿರಬೇಕು. ಕಲ್ಲಿನ ಕಂಬಕ್ಕೆ ಕಾಸಿಲ್ಲ. ಇಂಥದಕ್ಕೆ ಜೀವಂತ ಸ್ಮಾರಕ ಅಂತ ಹೆಸರು.

ಜೀವಂತ ಸ್ಮಾರಕದ ವಿರುದ್ಧ ಒಂದು ಗಟ್ಟಿ ವಾದ ಇದೆ. ಅದನ್ನ ಮುಚ್ಚಿಡೋದು ಬೇಡ. ಜನ ಬಳಸ್ತಾ ಬಳಸ್ತಾ ನೆನಪು ಸವೆದುಹೋಗತ್ತೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇವತ್ತು ಟ್ಯಾಕ್ಸಿ ಹತ್ತಿ ಜನ ಅಪೆರಾ ಹೌಸ್ ಅಂತಾರೆ, ವಾರ್ ಮೆಮೋರಿಯಲ್ ಅನ್ನೋ ಮೊದಲಿನ ಎರಡು ಪದ ಬಾಯಲ್ಲಿ ಬರಲ್ಲ. ಮಾಜಿ ಸೈನಿಕರ ಸಭಾಂಗಣಕ್ಕೂ 1977ರಲ್ಲಿ ಹೆಸರು ಬದಲಾಯಿತು. ಹರ್ಬ್‌ಸ್ಟ್ ಸಹೋದರರ ಹೆಸರಲ್ಲಿ ಹರ್ಬ್‌ಸ್ಟ್ ಥಿಯೇಟರ್ ಅಂತಾಯಿತು. ವಿಶ್ವಸಂಸ್ಥೆಯ ಸನ್ನದಿಗೆ ಸಹಿ ಬಿದ್ದ ಕೋಣೆಯ ಹೆಸರಿನಿಂದ ಸೈನಿಕ ಹೊರಬಿದ್ದ. ಆಗಬಾರದಿತ್ತು ಅಂತ ನನಗನಿಸತ್ತೆ.

ಆದರೆ ಕಂಬದ ಸ್ಮಾರಕ ಇದಕ್ಕಿಂತ ಮೇಲಾ? ಬೆಂಗಳೂರಿನ ಬ್ರಿಗೇಡ್ ರಸ್ತೆ ರೆಸಿಡೆನ್ಸಿ ರಸ್ತೆಗೆ ಸೇರುವ ಕಡೆ ಒಂದು ಯುದ್ಧ ಸ್ಮಾರಕ ಇದೆ. ಮದ್ರಾಸ್ ಪಯನೀರ್ಸ್ ಸೈನಿಕರ ನೆನಪಿಗೆ ನಿಲ್ಲಿಸಿದ್ದು. ಸಿಗ್ನಲ್‌ನಲ್ಲಿ ನಿಂತು ಅದನ್ನು ನೋಡಿದವರು ಎಷ್ಟು ಜನ? ಜೆ.ಸಿ. ನಗರದ ಕಡೆ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರದ ಮೇಲೆ ಕುದುರೆಯೇರಿ ನುಗ್ಗಿದ ನಮ್ಮದೇ ಸಂಸ್ಥಾನದ ಪಡೆ ಅದು. ವರ್ಷಕ್ಕೊಂದು ದಿನ ಹೂವಿನ ಹಾರ, ಉಳಿದ ದಿನ ಆ ಕಡೆ ಎಷ್ಟು ಜನ ತಲೆ ಎತ್ತಿ ನೋಡ್ತಾರೆ? ಕಲ್ಲು ಉಳಿಯತ್ತೆ, ಅದರ ಕಡೆ ಕಣ್ಣು ಉಳಿಯಲ್ಲ.

ನಾನು ಓದಿದ್ದು ಇಂಜಿನಿಯರಿಂಗ್, ಹಾಗಾಗಿ ಇನ್ನೊಂದು ಲೆಕ್ಕವೂ ನನ್ನ ತಲೆಯಲ್ಲಿ ಓಡತ್ತೆ: ನಿರ್ವಹಣೆ. ಯಾವುದೇ ಕಟ್ಟಡ ಕಟ್ಟೋದು ಒಂದ್ಸಲದ ಖರ್ಚು. ಚಾವಣಿ ಸೋರತ್ತೆ, ವೈರಿಂಗ್ ಹಳೇದಾಗತ್ತೆ, ಪೈಪು ತುಕ್ಕು ಹಿಡಿಯತ್ತೆ, ಇದು ಪ್ರತಿವರ್ಷದ ಖರ್ಚು. ಅದನ್ನ ಕೊಡೋರು ಯಾರು? ಬಳಸೋರು ಇದ್ದರೆ ಮಾತ್ರ ಯಾರಾದರೂ ಕೊಡ್ತಾರೆ. 1989ರ ಅಕ್ಟೋಬರ್ 17ರಂದು ಆ ಊರಿಗೆ ಮತ್ತೆ ದೊಡ್ಡ ಭೂಕಂಪ ಬಂತು, ತೀವ್ರತೆ 6.9. ಅಪೆರಾ ಹೌಸಿಗೆ ಪೆಟ್ಟಾಯಿತು. 1996ರ ಆರಂಭದಲ್ಲಿ ಪೂರ್ತಿ ಮುಚ್ಚಿ, 8 ಕೋಟಿ ಡಾಲರ್‌ಗೂ ಹೆಚ್ಚು ಖರ್ಚು ಮಾಡಿ ಭೂಕಂಪ ತಡೆಯುವ ಹಾಗೆ ಗಟ್ಟಿ ಮಾಡಿ, 1997ರ ಸೆಪ್ಟೆಂಬರ್‌ನಲ್ಲಿ ತೆರೆದರು. ಅಷ್ಟು ದಿನ ಅಪೆರಾ ಕಂಪನಿ ತಾನು 1923ರಲ್ಲಿ ಹುಟ್ಟಿದ ಹಳೇ ಸಭಾಂಗಣಕ್ಕೆ ವಾಪಸ್ ಹೋಗಿ ಆಡ್ತು. ಸುಮ್ಮನೆ ಬೀಗ ಹಾಕಿದ ಸ್ಮಾರಕವಾಗಿದ್ದರೆ ಇಷ್ಟು ಹಣ ಹುಟ್ಟುತ್ತಿತ್ತಾ? ಒಂದು ತಗಡಿನ ಬೇಲಿ, ಪ್ರವೇಶ ನಿಷಿದ್ಧ ಅನ್ನೋ ಬೋರ್ಡು, ಅಷ್ಟಕ್ಕೆ ಕತೆ ಮುಗೀತಿತ್ತು. ಅಂಥ ಬೋರ್ಡುಗಳನ್ನು ನಮ್ಮೂರಲ್ಲಿ ಬೇಕಾದಷ್ಟು ನೋಡಿದ್ದೀವಿ.

ಹಾಗಾದರೆ ಹಾಡು ಕುಣಿತ ಬೇಕು, ನೆನಪೂ ಸವೆಯಬಾರದು. ದಾರಿ ಏನು? ಇಲ್ಲಿ ಆ ಮಾಜಿ ಸೈನಿಕರ ಹಟ ಕೆಲಸಕ್ಕೆ ಬಂತು ಅನ್ನೋದು ನನ್ನ ವಾದ. ಅವರು ನಾಮಫಲಕ ಕೇಳಲಿಲ್ಲ, ಪಾಲು ಕೇಳಿದರು. ಹೆಸರನ್ನ ಯಾರು ಬೇಕಾದರೂ ಮರೀಬಹುದು. ಒಪ್ಪಂದದಲ್ಲಿ ಬರೆದ ಜಾಗವನ್ನು ಮರೆಯೋಕೆ ಲಾಯರ್‌ಗಳು ಬಿಡಲ್ಲ. 1921ರ ಆ ಕಾಗದ ನೆನಪಿದೆಯಲ್ಲ? ಇಂದಿಗೂ ಆ ಕಟ್ಟಡದ ಜಾಗದ ಮಾತು ಬಂದಾಗ ಮಾಜಿ ಸೈನಿಕರು ಹಿಡಿದುಕೊಂಡು ಬರೋದು ಅದನ್ನೇ. ಸೈನಿಕರ ಸಂಘ ಮುಂದಿಡುವ ತಕರಾರಿನಿಂದಾಗಿಯೇ, ಇದು ಯುದ್ಧ ಸ್ಮಾರಕ ಅನ್ನೋದು ನಗರದ ಅಧಿಕಾರಿಗಳಿಗೂ ಅಪೆರಾದವರಿಗೂ ಮತ್ತೆ ಮತ್ತೆ ನೆನಪಾಗತ್ತೆ. ನಮ್ಮಲ್ಲಿ ಸೈನಿಕರ ಹೆಸರಿನ ಭವನ ಕಟ್ಟುವಾಗ ಶಿಲಾನ್ಯಾಸದ ಕಲ್ಲಿನಲ್ಲಿ ಮಂತ್ರಿ, ಶಾಸಕರ ಹೆಸರು ಎಲ್ಲ ಇರತ್ತೆ. ಆ ಭವನದ ಬಾಡಿಗೆಯಲ್ಲಿ ಸೈನಿಕರ ಮನೆಯವರಿಗೆ ಎಷ್ಟು, ವರ್ಷದಲ್ಲಿ ಎಷ್ಟು ದಿನ ಅವರಿಗೆ ಉಚಿತ, ಆಡಳಿತ ಸಮಿತಿಯಲ್ಲಿ ಅವರಿಗೆ ಎಷ್ಟು ಕುರ್ಚಿ ಅನ್ನೋದು ಎಲ್ಲಿ ಬರೆದಿರತ್ತೆ? ಮುಂದಿನ ಸಲ ನಿಮ್ಮೂರಲ್ಲಿ ಇಂಥದೊಂದು ಕಾರ್ಯಕ್ರಮ ನಡೆದರೆ, ಮೈಕ್ ಸಿಕ್ಕರೆ, ಈ ಪ್ರಶ್ನೆ ಕೇಳಿ.

ಎರಡು ಕಟ್ಟಡಗಳ ನಡುವೆ ಅಂಗಳ ಇದೆ ಅಂದೆನಲ್ಲ. ಅಮೆರಿಕದ ಸೈನಿಕರು ಹೋರಾಡಿದ ದೂರದ ನೆಲಗಳಿಂದ ತಂದ ಮಣ್ಣನ್ನು ಅಲ್ಲಿ ಹಾಕಿದ್ದಾರೆ. ಆದರೂ ದಶಕಗಳ ಕಾಲ ಅದು ನೋಡೋಕೆ ಒಂದು ಚಂದದ ಹುಲ್ಲುಹಾಸು ಅಷ್ಟೇ ಆಗಿತ್ತು. 2014ರಲ್ಲಿ ಕೊನೆಗೂ ಅಲ್ಲಿ ಮಾಜಿ ಸೈನಿಕರ ಸ್ಮಾರಕವೊಂದು ಎದ್ದಿತು. ಅಂದ್ರೆ ಯುದ್ಧ ಸ್ಮಾರಕ ಅಂತ ಹೆಸರಿಟ್ಟ ಜಾಗದ ಅಂಗಳದಲ್ಲಿ ಸೈನಿಕರಿಗೆಂದೇ ಒಂದು ಸ್ಮಾರಕ ಬರೋಕೆ 80 ವರ್ಷಕ್ಕೂ ಹೆಚ್ಚು ಹಿಡೀತು. ಮರುವರ್ಷ ವೆಟರನ್ಸ್ ಬಿಲ್ಡಿಂಗ್ ಕೂಡ ಭೂಕಂಪದ ದುರಸ್ತಿ ಮುಗಿಸಿ ಬಾಗಿಲು ತೆರೆಯಿತು. ಕಲಾ ಮ್ಯೂಸಿಯಂ 1990ರ ದಶಕದಲ್ಲೇ ತನ್ನ ಸ್ವಂತ ಕಟ್ಟಡಕ್ಕೆ ಹೋಗಿತ್ತು. ಅದಿದ್ದ ನಾಲ್ಕನೇ ಮಹಡಿಗೆ 2016ರಲ್ಲಿ ಅಪೆರಾ ಕಂಪನಿಯ ಸಣ್ಣ ರಂಗಮಂದಿರ ಬಂದಿದೆ. ಅದೇ ಸೂರಿನ ಕೆಳಗೆ ಮಾಜಿ ಸೈನಿಕರ ಸಂಘದ ಕಚೇರಿಯೂ ಇದೆ. ಅವರು ಸಭೆ ಸೇರುವ ಸಂಜೆ ಮೇಲಿನ ಮಹಡಿಯಲ್ಲಿ ಹಾಡೂ ನಡೀತಿರಬಹುದು.